ಇದು ಈರುಳ್ಳಿ ಅಲ್ಲ

ಎಂದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ
ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ
ಫ್ರಿಜ್ಜಿನ ತರಕಾರಿ ಡಬ್ಬಿಗೆ.
ಹೋದ ವರ್ಷ ಪಿಳ್ಳಮ್ಮತ್ತೆ
ಎರಡನ್ನು ಹೆಚ್ಚಿಯೇಬಿಟ್ಟಿದ್ದಳು ಹುಳಿಗೆ.
'ಕಣ್ಣಲ್ಲಿ ನೀರೇ ಬರಲಿಲ್ಲವಲ್ಲೇ' ಅಂತ
ಆಮೇಲೆ ಅನುಮಾನ.
ಸದ್ಯ, ಪಾತ್ರೆ ಇನ್ನೂ ಒಲೆ ಏರಿರಲಿಲ್ಲ.

ತಂದದ್ದು ಹತ್ತು ಗೆಡ್ಡೆ,
ಚಿಕ್ಕಬಳ್ಳಾಪುರದ ಹೂವಿನ ಮೇಳದಿಂದ.
ಚೀಟಿಯಲ್ಲಿ ನೀಲಿ ಐರಿಸ್,
ನಾಲಿಗೆಗೆ ಅರಿಸಿನ ಹಚ್ಚಿಕೊಂಡಂಥ ಹೂವು.
ಶಿಡ್ಲಘಟ್ಟದ ಹಿತ್ತಿಲಲ್ಲಿ ಗೊಬ್ಬರಕ್ಕೇನು ಬರ?
ಹುಳದ ಹಿಕ್ಕೆ, ತಿಂದುಳಿದ ಹಿಪ್ಪುನೇರಳೆ ಸೊಪ್ಪು,
ಬಾಣಂತಿಗೆ ಬಡಿಸುವಂತೆ ಬುಟ್ಟಿಬುಟ್ಟಿ ಸುರಿದೆ.

ಮೊದಲ ವರ್ಷ ಎಲೆ. ಎಲೆಯೋ ಎಲೆ.
ಮೊಣಕಾಲುದ್ದ ಕೊಬ್ಬಿ
ಒಂದರ ಮೇಲೊಂದು ಮಲಗಿದ ಎಲೆ.
'ತಿಂದ ಹುಳವೆಲ್ಲಾ ಗೂಡು ಕಟ್ಟುತ್ತೇನೇ'
ಎಂದಳು ಅತ್ತೆ, ಅಡಿಕೆ ಕತ್ತರಿಸುತ್ತಾ.

ಬೇಸಿಗೆಗೆ ಹಳದಿ ತಿರುಗಿತು.
ಬಾಯಾರಿರಬೇಕು ಪಾಪ ಅಂತ
ಎರಡು ಹೊತ್ತೂ ನೀರು.
ಅಗೆದಾಗ ಮೂರು ಗೆಡ್ಡೆ
ಕೊಳೆತ ಬಾಳೆಹಣ್ಣಾಗಿ ಕೈಗೆ ಮೆತ್ತಿದವು.

ಖುರ್ಷಿದಾ ಗೋಡೆಯಾಚೆಯಿಂದ ನೋಡುತ್ತಿದ್ದಳು,
ನೂಲು ಬಿಚ್ಚುವ ಬಿಸಿನೀರಲ್ಲಿ
ಬೆರಳ ತುದಿ ಬೆಂದು ಬಿಳಿಚಿದವಳು.
'ಜ್ವರಕ್ಕೆ ಕೂತ ಹುಳಕ್ಕೆ
ಸೊಪ್ಪು ಹಾಕ್ತೀಯೇನೇ?
ಸುಮ್ನೆ ಬಿಡು.'

ಹೌದಲ್ಲ.
ಮೂವತ್ತು ವರ್ಷ ಹುಳ ಸಾಕಿದ ಕೈಗೆ
ಇಷ್ಟು ಹೊಳೆಯಲಿಲ್ಲ.

ಆಮೇಲೆ ಉಳಿದವನ್ನು ಮುರುಕು ಚಂದ್ರಿಕೆಯ ಮೇಲೆ ಹರವಿ
ನೆರಳಲ್ಲಿ ಮರೆತುಬಿಟ್ಟೆ, ಬೇಕಂತಲೇ.
ಮಳೆಗಾಲ ಕಳೆದ ಮೇಲೆ ಆರು ವಾರ ಫ್ರಿಜ್ಜಿನ ಚಳಿ,
ಸೇಬಿನಿಂದ ದೂರ (ಸೇಬಿನ ಉಸಿರು ತಾಗಿದರೆ
ಒಳಗಿನ ಮೊಗ್ಗು ಕಮರುತ್ತಂತೆ).
ದೀಪಾವಳಿ ಮುಗಿದು ಹಣತೆ ಎತ್ತಿಟ್ಟ ದಿನ
ನಾಲ್ಕು ಬೆರಳು ಆಳಕ್ಕೆ ಐದನ್ನು ನೆಟ್ಟೆ.
ಮರಳು, ಒಲೆಯ ಬೂದಿ. ಹಿಕ್ಕೆ ಇಲ್ಲ.

ಸಂಕ್ರಾಂತಿ ಕಳೆದು ಒಂಬತ್ತನೆಯ ಬೆಳಗ್ಗೆ
ಪೊರೆ ಸೀಳಿ
ಒದ್ದೆ ನೀಲಿ.
ಗೂಡಿನ ಮಾರ್ಕೆಟ್ಟಿಗೆ ತಡವಾಗಿ ಹೋದೆ.
ಕೆಜಿಗೆ ಹತ್ತು ರೂಪಾಯಿ ಕಮ್ಮಿ ಕೂಗಿದರು.
ಕೂಗಲಿ.

ಐದರಲ್ಲಿ ನಾಲ್ಕು ಬಿಟ್ಟವು. ಒಂದರ ಮೊಗ್ಗು
ಕಾಗದವಾಗಿ ಒಣಗಿತು, ಯಾಕೋ ಗೊತ್ತಿಲ್ಲ.
ಖುರ್ಷಿದಾ ಬಂದಳು. ಮುಟ್ಟಲಿಲ್ಲ.
'ಇದರಿಂದ ನೂಲು ಬರಲ್ವಲ್ಲಾ?'
'ಬರಲ್ಲ.'
'ಒಳ್ಳೇದಾಯ್ತು.'

ನಾಲ್ಕೇ ದಿನ. ಹೂ ಮುದುಡಿತು,
ವಾರಗಟ್ಟಲೆ ಎಲೆ ನಿಂತೇ ಇತ್ತು, ಜೋಲು, ಹಳದಿ.
ಹಿತ್ತಿಲು ಗಲೀಜೆಂದು ಅತ್ತೆ ಕುಡುಗೋಲು ತಂದಳು.
'ಜ್ವರ' ಅಂದೆ.
ಕುಡುಗೋಲು ಸೂರಿಗೆ ಹೋಯಿತು.

ಈಗ ಡಬ್ಬಿಯಲ್ಲಿ ಹನ್ನೊಂದು,
ಕೆಲವು ಬೆಳ್ಳುಳ್ಳಿ ಎಸಳಿನಷ್ಟೇ.
ಅವು ಈ ವರ್ಷ ಹೂ ಬಿಡವು.
ಅತ್ತೆಗೆ ಓದು ಬಾರದು ಎಂಬುದು
ಚೀಟಿ ಅಂಟಿಸಿದ ಮೇಲೆ ನೆನಪಾಯಿತು.
ಕೆಳಗೊಂದು ಹೂ ಬರೆದೆ, ನೀಲಿ ಪೆನ್ನಲ್ಲಿ.
ನಾಲಿಗೆಗೆ ಮಾತ್ರ
ಡಬ್ಬಿಯಿಂದ ಚಿಟಿಕೆ ಅರಿಸಿನ ತೆಗೆದು
ನೀರಲ್ಲಿ ಕಲಸಿ ಹಚ್ಚಿದೆ.