ತುಟಿಗೆ ಸದ್ದು ಕೂಡಿಸುವಾಗ

ಟಿಬಿಲಿಸಿಯ ಸ್ಟುಡಿಯೋ, ಎರಡನೇ ಮಹಡಿ. ಹೊರಗೆ ಹಿಮ ಕರಗಿ ಕೆಸರು.
ಮೇಜಿನ ಮೇಲೆ ಆರನೇ ರೀಲು:
ಕಂದಕದಲ್ಲಿ ಸಿಪಾಯಿ, ದಾಳಿಗೆ ಇನ್ನೂ ಸೀಟಿ ಊದಿಲ್ಲ,
ತುಟಿ ಅಲ್ಲಾಡುತ್ತಿದೆ.

ನಟನಲ್ಲ ಅವನು. ತುಶೇತಿ ಬೆಟ್ಟದ ಕುರಿಗಾಹಿ,
ದಿನಕ್ಕೆ ಮೂರು ರೂಬಲ್ಲಿಗೆ, ಬಿಸಿ ಸೂಪಿಗೆ ಬಂದವನು.
ಹೆಸರು ಇಮೆದಾ. ಪಟ್ಟಿಯಲ್ಲಿ, ಸಿಪಾಯಿ ಹನ್ನೊಂದು.

ಕಮಿಟಿಯಾತ ಕನ್ನಡಕ ಒರೆಸಿಕೊಂಡ:
"ಏನನ್ನುತ್ತಿದ್ದಾನೆ?"
"ಗುಂಡು ಎಣಿಸುತ್ತಿದ್ದಾನೆ," ಅಂದೆ.
ಬಾಯಿಗೆ ಅದು ಹೇಗೆ ಬಂತೋ.
"ಎಣಿಸಲಿ ಹಾಗಾದರೆ. ಕೇಳಿಸುವ ಹಾಗೆ."

ದನಿ ಕೊಡಲು ಒತಾರ ಬಂದ, ನೆಗಡಿ ಬೇರೆ.
ಒಂದು, ಎರಡು, ಮೂರು...
ಏಳರ ಹೊತ್ತಿಗೆ ತುಟಿಯದೊಂದು ದಾರಿ, ಸದ್ದಿನದೊಂದು ದಾರಿ.
ಸರಿಮಾಡಬಹುದಿತ್ತು, ಎರಡು ಕತ್ತರಿ, ಒಂದು ಅಂಟು.
ಟೀ ಆರುತ್ತಿತ್ತು. ಬಿಟ್ಟೆ.

ದೇವರಿದ್ದಾನೋ, ನನಗೆ ಅಂದೂ ಗೊತ್ತಿರಲಿಲ್ಲ.
ಗೊತ್ತಿದ್ದುದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ.

ಮೇ ತಿಂಗಳು, ತೆಲಾವಿಯ ಟಾಕೀಸು. ಪಕ್ಕದಲ್ಲಿ
ದೊಡ್ಡಮ್ಮ ದಾರೆಜಾನ್,
ಕೆರ್ಚಿನ ಬಾಂಬಿಗೆ ಎರಡೂ ಕಿವಿ ಕೊಟ್ಟು ಬಂದ ನರ್ಸು.
ಎಲ್ಲರಿಗೂ ಅಂಕಿ ಕೇಳಿಸಿತು. ಹಿಂದಿನ ಸಾಲಿನ ಹುಡುಗರು
ಅವನ ಜತೆಗೇ ಎಣಿಸಿ ನಕ್ಕರು.
ದೊಡ್ಡಮ್ಮ ಮುಂದಕ್ಕೆ ಬಾಗಿದಳು.
ಅವನ ತುಟಿ ಅಲ್ಲಾಡಿದ ಹಾಗೆ ಅವಳದೂ.
ಕಪ್ಪು ಶಾಲಿನೊಳಗೆ ಬಲಗೈ, ಹಣೆಗೇರದೆ,
ಎದೆಯ ಹತ್ತಿರವೇ ಸಣ್ಣಗೆ ನಾಲ್ಕು ಸಲ ಮಿಸುಕಿತು.

ಆಮೇಲೆ ನನ್ನ ಕಡೆ ತಿರುಗಿ,
ಕಿವುಡರ ಆ ಗಟ್ಟಿ ದನಿಯಲ್ಲಿ, ಇಡೀ ಟಾಕೀಸಿಗೆ ಕೇಳುವಂತೆ:
"ಕೊನೆಯ ಸಾಲಿಗೆ ಬಿಡಲಿಲ್ಲ, ಪಾಪ, ಸೀಟಿ ಊದಿಬಿಟ್ಟರು.
ಉಳಿದದ್ದು ನಾನೇ ಹೇಳಿದೆ."