ಅರ್ಧ ಗೀಟು

ವರ್ಷವಿಡೀ ಬೆಂಕಿಯ ಮುಂದೆ ಕೂತವರಿಗೆ
ಚಳಿಯೂ ಒಂದು ಆಸ್ತಿ ಅಂತ ತಿಳಿದಿದ್ದ ನಮ್ಮಜ್ಜ ದಸ್ತಗೀರಸಾಬ,
ದಾವಣಗೆರೆಯ ಮಂಡಕ್ಕಿ ಭಟ್ಟಿಯವ,
ಎರಡು ಸಲ ಹುಬ್ಬು ಸುಟ್ಟುಕೊಂಡು ಮತ್ತೆ ಬೆಳೆಸಿದವ.

ವರ್ಷಕ್ಕೊಮ್ಮೆ ಭಟ್ಟಿಗೆ ಹೊಸ ಮಣ್ಣು ಮೆತ್ತಿ
ಹತ್ತು ದಿನ ಒಣಗಲು ಬಿಡಬೇಕು.
ಆ ಹತ್ತು ದಿನಕ್ಕೆಂದೇ ಕಟ್ಟಿದ,
ದುರ್ಗದಾಚೆ, ಜೋಗಿಮಟ್ಟಿಯ ಹಿಂಬದಿ ಮಗ್ಗುಲಲ್ಲಿ,
ಒಂದೇ ಅಂಕಣದ ಕೋಣೆ.
ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ, ಮಾಡಿಗೆ ತಗಡು.
ಬಾಗಿಲಿಗೆ, ಗುಜರಿಯಲ್ಲಿ ಸಿಕ್ಕ ಲಾರಿಯ ಹಿಂದಿನ ಹಲಗೆ;
ಅದರ ಮೇಲೆ ಹಳದಿಯಲ್ಲಿ ‘ಹಾರನ್ ಮಾಡಿ’.
ಒಳಗೆ ಬರುವವರೆಲ್ಲ ‘ಪೀಂ’ ಅನ್ನಬೇಕಿತ್ತು, ಅಜ್ಜಿಯೂ.

ಜಾಗ ಯಾರದು? ಆಗ ಯಾರೂ ಕೇಳಲಿಲ್ಲ.
ಕುರಿ ಕಾಯುವ ತಿಪ್ಪಯ್ಯನಿಗೆ
ಎರಡು ಮೂಟೆ ಮಂಡಕ್ಕಿ ಕೊಟ್ಟು ‘ಕೊಂಡೆ’ ಅಂದ.
ತಿಪ್ಪಯ್ಯನೂ ‘ಮಾರಿದೆ’ ಅಂದ.

ರಾತ್ರಿಯೆಲ್ಲ ಗಾಳಿಗೆ ತಗಡಿನ ಮಾತು.
ಅಜ್ಜಿ ಖೈರುನ್‌ಬಿ ನಾಲ್ಕು ಕೌದಿ ಹೊದ್ದು
ಹಲ್ಲು ಕಟಕಟಿಸುತ್ತ ನಗುತ್ತಿದ್ದಳಂತೆ:
‘ನಡುಗೋದು ಎಷ್ಟು ಚಂದ ಐತಲ್ರೀ!’

ಅಜ್ಜನಿಗೆ ಅಕ್ಷರ ಬಾರದು.
ಮಲಗಿದ ಒಂದೊಂದು ರಾತ್ರಿಗೂ
ಒಳಗಿನ ಸಪಾಟು ಬಂಡೆಗೆ ಇದ್ದಿಲಿನ ಒಂದು ಗೀಟು.
ಹತ್ತು. ಹತ್ತು. ಚಿರತೆ ಬಂದ ವರ್ಷ ಏಳು.
ಹನ್ನೊಂದು.
ಆಮೇಲೆ ಒಂದು ಸಾಲಿನಲ್ಲಿ
ಮೂರು ಪೂರಾ, ಒಂದು ಅರ್ಧ.

ಆ ಅರ್ಧವೇ ನನ್ನಪ್ಪ.
ನಡುರಾತ್ರಿ ನೋವೆದ್ದು, ಕೌದಿಯ ಜೋಲಿಯಲ್ಲಿ ಅಜ್ಜಿ,
ಮುಂದೆ ತಿಪ್ಪಯ್ಯ, ಹಿಂದೆ ಅಜ್ಜ,
ಲಾಟೀನು ಹಿಡಿದ ಜೈತೂನತ್ತೆಗೆ ಆಗ ಒಂಬತ್ತು ವರ್ಷ.
‘ಇಳಿಜಾರಿನಾಗ ಹುಟ್ಟಿದವ, ಎಲ್ಲೂ ನಿಲ್ಲಾಂಗಿಲ್ಲ’
ಅನ್ನುತ್ತಾಳೆ ಈಗಲೂ.
ಕೂಸಿನ ಕಿವಿಗೆ ಅಜಾನ್ ಹೇಳಿದ ಅಜ್ಜ
ಬೆಳಗಾದ ಮೇಲೆ ಒಬ್ಬನೇ ಮತ್ತೆ ಗುಡ್ಡ ಹತ್ತಿದ,
ಬೀಗ ಹಾಕುವುದಿತ್ತು,
ಲೆಕ್ಕವೂ ಬಾಕಿಯಿತ್ತು.

ಈಗ ಎದುರು ಗುಡ್ಡದ ತುಂಬ ಬಿಳೀ ಫ್ಯಾನು.
ಕಾಡಿಗೆ ಗೇಟು. ಐದಕ್ಕೆ ಮುಚ್ಚುತ್ತಾರೆ.
ಹೋದ ಡಿಸೆಂಬರಿನಲ್ಲಿ ಟಿಕೆಟು ಕೊಂಡು ಹೋದೆವು
ನಮ್ಮದೇ ಮನೆಗೆ.
ತಗಡಿಲ್ಲ. ಹಲಗೆಯನ್ನು ಯಾರೋ ಒಲೆಗಿಟ್ಟಿದ್ದಾರೆ.
ಆದರೂ ಅಪ್ಪ ಹೊಸಿಲ ಕಲ್ಲಿನ ಮೇಲೆ ನಿಂತು
‘ಪೀಂ’ ಅಂದ,
ಅರವತ್ತರ ಮನುಷ್ಯ, ಗಾರ್ಡಿನ ಎದುರು.

ಮಳೆ ತಾಗದ ಮೂಲೆಯಲ್ಲಿ ಎರಡು ಸಾಲು ಉಳಿದಿವೆ,
ಅರ್ಧದ್ದೂ ಇದೆ.
ಭಟ್ಟಿಯಿಂದ ತಂದ ಇದ್ದಿಲು ತೆಗೆದ ಅಪ್ಪ.
ಬಂಡೆ ನೋಡಿದ. ಗಾರ್ಡು ವಾಚು ನೋಡಿದ.
‘ಮಲಗದೆ ಎಳಿಯಾಂಗಿಲ್ಲ’ ಅಂದು
ಜೇಬಿಗೇ ಇಟ್ಟುಕೊಂಡ.

ಆ ಅಂಗಿಯ ಕಪ್ಪು ಮೂರು ಸಲ ಒಗೆದರೂ ಬಿಟ್ಟಿಲ್ಲ.
ಅಮ್ಮಿ ಸೋಪು ಬದಲಾಯಿಸಿ ನೋಡುತ್ತಿದ್ದಾಳೆ.