ಹಿಡಿ

ಶನಿವಾರ, ಮಂಜು ಕಣಿವೆಯಿಂದ ಮೇಲೇಳುವ ಮೊದಲೇ
ಬೆನ್ನಿಗೆ ಬುಟ್ಟಿ, ಹಣೆಗೆ ಅದರ ಪಟ್ಟಿ, ಹೊರಡುತ್ತೇನೆ.
ಅರವತ್ತೆರಡು ಮನೆ, ಗುಡ್ಡದ ಬೆನ್ನೆಲುಬಿನ ಮೇಲೆ ಸಾಲಾಗಿ;
ಅತ್ತ ಜಾರಿದರೆ ಒಂದು ಹೊಳೆ, ಇತ್ತ ಜಾರಿದರೆ ಇನ್ನೊಂದು.
ಪ್ರತಿ ಒಲೆಯ ಪಕ್ಕ ಒಂದು ತಗಡಿನ ಡಬ್ಬಿ.
ಎಸರಿಗೆ ಸುರಿಯುವ ಮುನ್ನ ತೆಗೆದಿಟ್ಟದ್ದು
ಹೊತ್ತಿಗೊಂದು ಹಿಡಿ ಅಕ್ಕಿ, ದೇವರ ಪಾಲು.
ನಮ್ಮ ಮಿಜೋ ಹೆಂಗಸರಿಗೆ ಇದನ್ನು
ಯಾರೂ ಓದಿಸಿ ಕಲಿಸಲಿಲ್ಲ, ಕೈಯಿಂದ ಕೈಗೆ ಬಂತು.

ಹದಿನೇಳು ವರ್ಷದಿಂದ ಇಗರ್ಜಿಗೆ ತೂಗಿ ಕೊಡುವವಳು ನಾನೇ.
ತಕ್ಕಡಿ ಬೇಡ, ಮನೆಮನೆಯ ಅಂಗೈ ನನಗೆ ಗೊತ್ತು.
ಝಾಮಿಯದು ದೊಡ್ಡ ಕೈ,
ಗಂಡ ಊರಲ್ಲಿಲ್ಲದ ವಾರ ಇನ್ನೂ ದೊಡ್ಡದು.
ಅಂಗಡಿಯ ಲಿಯಾನ್‌ಖೂಮನ ಮನೆಯಿಂದ ನುಚ್ಚು, ನಾಲ್ಕು ಕಲ್ಲು,
ಜೀವವಿರುವ ಹುಳ ಎರಡು.
ನಗುತ್ತಲೇ ಈಸಿಕೊಂಡು, ಇಳಿಜಾರಿನುದ್ದಕ್ಕೂ
ಅವನನ್ನು ಒಳಗೊಳಗೇ ತೂಗುತ್ತ ಬರುತ್ತಿದ್ದೆ.
ನನ್ನ ಪುಸ್ತಕದಲ್ಲಿ ನನ್ನ ಹೆಸರಿನೆದುರು
ಒಂದು ಹೊತ್ತೂ ಖಾಲಿಯಿಲ್ಲ.
ಬಾಣಂತನದಲ್ಲೂ ತಪ್ಪಲಿಲ್ಲ, ಜ್ವರದಲ್ಲೂ ತಪ್ಪಲಿಲ್ಲ.

ನನ್ನತ್ತೆ ದರ್ಕುಂಗಿಗೆ ಈಗ ಕಣ್ಣು ಕಾಣದು.
ಬಿದಿರು ಹೂಬಿಟ್ಟ ವರ್ಷ, ಇಲಿಯ ದಂಡು
ಗದ್ದೆಯನ್ನು ಒಂದೇ ರಾತ್ರಿ ಬೋಳಿಸಿ ಹೋದಾಗ
ಕಾಡುಗೆಣಸಿನ ಹೋಳನ್ನೇ ಹಿಡಿ ತುಂಬ
ಡಬ್ಬಿಗೆ ಹಾಕುತ್ತಿದ್ದಳಂತೆ.
‘ದೇವರಿಗೆ ಗೆಣಸೇನೇ?’ ಅಂತ ಪಕ್ಕದವರು ನಕ್ಕರೆ
‘ಮನೆಯವನಿಗೆ ಬೇರೆ ಅಡುಗೆ ಮಾಡ್ತಾರಾ?’ ಅಂದಳಂತೆ.

ಮೊನ್ನೆ, ಅಟ್ಟಣೆ ಮನೆಯ ಕೆಳಗೆ,
ಕೋಳಿ ಕೆದಕಿದ ಮಣ್ಣಲ್ಲಿ ನನ್ನ ಚಿಕ್ಕವನ ಆಟ.
ಒಡೆದ ಮಡಕೆ ಎಸರು, ಮರಳೇ ಅಕ್ಕಿ.
‘ಇದು ನಮಗೆ, ಇದು ಯೇಸುವಿಗೆ’ ಅನ್ನುತ್ತ
ಮರಳಿಗೆ ಕೈ ಇಳಿಸುವ ಮುನ್ನ
ಹೆಬ್ಬೆರಳನ್ನು ಮೆಲ್ಲಗೆ ಅಂಗೈಯೊಳಕ್ಕೆ ಮಡಚಿದ.
ಯಾಕೋ ಹಾಗೆ, ಅಂದೆ.
‘ನೀನು ಹೀಗೇ ಅಲ್ವಾ ಮಾಡೋದು?’

ತೊಲೆ ಹಿಡಿದು ನಿಂತೆ.

ಯಾವಾಗಿನಿಂದ?
ಇವರ ಲಾರಿ ಮಾರಿಹೋದ ಚಳಿಗಾಲದಿಂದಲೋ,
ಅದಕ್ಕೂ ಮುಂಚೆಯೋ, ಮದುವೆಯಾದ ಮಾರನೆಯ ದಿನದಿಂದಲೋ.
ಹೆಬ್ಬೆರಳು ಯಾವತ್ತೂ ನನ್ನನ್ನು ಕೇಳಿ ಮಡಚಿಕೊಂಡದ್ದಲ್ಲ.
ಕೊಟ್ಟದ್ದೂ ಹಿಡಿಯೇ, ಹಿಡಿದುಕೊಂಡದ್ದೂ ಹಿಡಿಯೇ.
ಒಂದು ಬೆರಳಿನ ಜಾಗದಲ್ಲಿ ಎಷ್ಟು ಕಾಳು?
ಹದಿನೇಳು ವರ್ಷಕ್ಕೆ ಗುಣಿಸಲು ಹೊರಟು
ಅರ್ಧಕ್ಕೇ ಬಿಟ್ಟೆ.
ಅಕ್ಕಿ ಕಡಿಮೆ ಬಿತ್ತೆಂದು ಅವನಿಗೇನು ಉಪವಾಸವಿಲ್ಲ.
ಅವನು ಕಾದು ಕೂತಿದ್ದು
ಈ ಬೆರಳಿಗೇ ಇರಬೇಕು.

ಸಂಜೆ ಒಲೆ ಹೊತ್ತಿಸಿ ಪಾತ್ರೆಗೆ ಕೈ ಹಾಕಿದೆ.
ಬೆರಳು ಬಿಚ್ಚಲೊಲ್ಲದು.
ಹೊತ್ತಾದೊಡನೆ ಕೊಟ್ಟಿಗೆ ಸೇರುವ ದನದಂತೆ
ತನ್ನಷ್ಟಕ್ಕೆ ಒಳಗೆ ಬಂದು ಮಲಗುತ್ತದೆ.
ಎಡಗೈಯಿಂದ ಎಳೆದು ನಿಲ್ಲಿಸಿದೆ.
ಎರಡು ಸಲ ಕಾಳು ಬೂದಿಗೆ ಚೆಲ್ಲಿತು.
ಮೂರನೆಯ ಸಲ, ಅಂಗೈ ಅಗಲ ಆಕಾಶದಷ್ಟಾಗಿ,
ಎತ್ತಿ, ಡಬ್ಬಿಯ ಮೇಲೆ ಬಿಚ್ಚಿದೆ.

ಮೂಲೆಯಲ್ಲಿ ಅತ್ತೆ ತಲೆಯೆತ್ತಿದಳು.
‘ಇವತ್ತು ಡಬ್ಬಿಯ ದನಿ ಬೇರೆ’ ಅಂದಳು.

ಅಂದರೆ ಇಷ್ಟು ವರ್ಷ,
ದಿನಕ್ಕೆರಡು ಹೊತ್ತು,
ಕೇಳಿಸಿಕೊಳ್ಳುತ್ತಲೇ ಇದ್ದಳು.

ನಾನೇನೂ ಹೇಳಲಿಲ್ಲ. ಎಸರು ಉಕ್ಕಿತು, ಸೌದೆ ಹಿರಿದೆ.
ಊಟಕ್ಕೆ ಯಾರಿಗೂ ಏನೂ ಕಡಿಮೆಯಾಗಲಿಲ್ಲ.
ಹೆಬ್ಬೆರಳು ಮಾತ್ರ ರಾತ್ರಿಯಿಡೀ ಸಣ್ಣಗೆ ನೋಯುತ್ತಿತ್ತು,
ಬಹಳ ದಿನದ ಮೇಲೆ
ಕೆಲಸಕ್ಕೆ ಹಚ್ಚಿದ ಹಾಗೆ.